ಪುಟ್ಟ ದ್ವೀಪಕ್ಕೆ ನೇರ ವಿಮಾನ ಬರುತ್ತಾ? ಅಗತ್ತಿಯ ರನ್‌ವೇ, ಬೆಂಗಳೂರಿನ ಲೆಕ್ಕ

ಮೊನ್ನೆ ಅಕ್ಕನ ಮಗಳು ಫೋನ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಅದರಲ್ಲಿ ಎರಡು ಫೋಟೋ. ಒಂದು ಮಾಲ್ಡೀವ್ಸ್, ಇನ್ನೊಂದು ಲಕ್ಷದ್ವೀಪ. ಎರಡರಲ್ಲೂ ಅದೇ ತಿಳಿನೀಲಿ ನೀರು, ಅದೇ ಬಿಳಿ ಮರಳು, ಅದೇ ತೆಂಗಿನ ಮರ.

"ಚಿಕ್ಕಮ್ಮಾ, ಮಾಲ್ಡೀವ್ಸ್‌ನ ಮಾಲೆಗೆ ಬೆಂಗಳೂರಿಂದ ದೊಡ್ಡ ಜೆಟ್ ಹೋಗುತ್ತೆ. ಲಕ್ಷದ್ವೀಪ ಅದಕ್ಕಿಂತ ಹತ್ತಿರ. ಆದ್ರೆ ಅಲ್ಲಿಗ್ಯಾಕೆ ಫ್ಯಾನ್ ತಿರುಗೋ ಪುಟ್ಟ ವಿಮಾನ?"

ಇದು ಅವಳೊಬ್ಬಳ ಪ್ರಶ್ನೆ ಅಲ್ಲ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಫೋಟೋಗಳು ಹರಿದಾಡಿದ ಮೇಲೆ ನಮ್ಮ ಮನೆ, ಆಫೀಸು, ಅಪಾರ್ಟ್‌ಮೆಂಟ್ ಗ್ರೂಪು ಎಲ್ಲ ಕಡೆ ಇದೇ ಮಾತು. ಅದೇ ವರ್ಷ ಮಾರ್ಚ್ 31ರಂದು ಇಂಡಿಗೋ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಶುರು ಮಾಡಿತು. ಅದೇ ಫ್ಯಾನ್ ತಿರುಗೋ ವಿಮಾನ, 78 ಸೀಟಿನ ಎಟಿಆರ್. ಅಂದರೆ, ಪುಟ್ಟ ದ್ವೀಪಕ್ಕೆ ನೇರ ವಿಮಾನ ಬರುತ್ತಾ ಅಂದರೆ ಬರುತ್ತೆ, ಬಂದಿದೆ. ಆದರೆ ಅದು ಹೇಗೆ ಬರುತ್ತೆ, ಯಾವ ಗಾತ್ರದಲ್ಲಿ ಬರುತ್ತೆ, ಬಂದದ್ದು ಎಷ್ಟು ದಿನ ಉಳಿಯುತ್ತೆ ಅನ್ನೋದು ಬೇರೆ ವಿಷಯ. ಅದನ್ನು ಬುಡದಿಂದ ನೋಡೋಣ.

ನೇರ ವಿಮಾನ ಅಂದರೆ ಏನು?

ನಾವು ಮಾತಾಡುವಾಗ 'ಡೈರೆಕ್ಟ್' ಅನ್ನೋ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತೇವೆ. ಮೆಜೆಸ್ಟಿಕ್‌ನಲ್ಲಿ ಮಂಗಳೂರು ಬಸ್ ಹತ್ತಿದಿರಿ ಅಂತಿಟ್ಟುಕೊಳ್ಳಿ. ಬಸ್ ಹಾಸನದಲ್ಲಿ ನಿಲ್ಲುತ್ತೆ, ಕೆಲವರು ಇಳಿಯುತ್ತಾರೆ, ನೀವು ಕೂತಲ್ಲೇ ಕೂತಿರುತ್ತೀರಿ. ಇದೂ ಡೈರೆಕ್ಟ್ ಬಸ್ಸೇ. ಎಲ್ಲೂ ನಿಲ್ಲದೆ ಹೋಗೋ ಬಸ್ ಇನ್ನೊಂದು ಬಗೆ. ವಿಮಾನದಲ್ಲೂ ಹೀಗೇ. ಒಂದೇ ಫ್ಲೈಟ್ ನಂಬರಿನಲ್ಲಿ, ನಡುವೆ ಒಂದು ಊರಲ್ಲಿ ಇಳಿದು ಮುಂದೆ ಹೋದರೂ ಅದನ್ನು ನೇರ ವಿಮಾನ ಅಂತಲೇ ಮಾರುತ್ತಾರೆ. ಎಲ್ಲೂ ಇಳಿಯದೆ ಹೋಗುವುದು ನಾನ್‌ಸ್ಟಾಪ್. ಈ ಲೇಖನದಲ್ಲಿ ನೇರ ಅಂದರೆ ಎಲ್ಲೂ ಇಳಿಯದ ವಿಮಾನ ಅಂತಲೇ ಅರ್ಥ ಮಾಡಿಕೊಳ್ಳಿ.

1,200 ಮೀಟರಿನ ರನ್‌ವೇ

ಅಗತ್ತಿ ವಿಮಾನ ನಿಲ್ದಾಣ ಶುರುವಾಗಿದ್ದು 1988ರಲ್ಲಿ. ಆಗ ಅಲ್ಲಿಗೆ ಬರುತ್ತಿದ್ದದ್ದು ಹತ್ತಿಪ್ಪತ್ತು ಜನ ಕೂರುವ ಡಾರ್ನಿಯರ್. ಲಕ್ಷದ್ವೀಪಕ್ಕೆಲ್ಲ ಇರುವ ವಿಮಾನ ನಿಲ್ದಾಣ ಇದೊಂದೇ. ದ್ವೀಪದ ಒಂದು ತುದಿ ನೂಲಿನಂತೆ ಸಣ್ಣಗಾಗುತ್ತಾ ಹೋಗುತ್ತೆ. ಆ ಸಣ್ಣ ಪಟ್ಟಿಯ ಮೇಲೇ ರನ್‌ವೇ ಇದೆ. ಎರಡೂ ಪಕ್ಕ ಸಮುದ್ರ.

ಇದರ ಉದ್ದ ಸುಮಾರು 1,200 ಮೀಟರ್. ನಮ್ಮ ಎಂ.ಜಿ. ರಸ್ತೆ ಮೆಟ್ರೋ ನಿಲ್ದಾಣದಿಂದ ಟ್ರಿನಿಟಿ ನಿಲ್ದಾಣಕ್ಕೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕೆಂಪೇಗೌಡ ನಿಲ್ದಾಣದ ರನ್‌ವೇಗಳು ಒಂದೊಂದೂ ಸುಮಾರು 4,000 ಮೀಟರ್. ಮಾಲೆಯದ್ದು 3,400 ಮೀಟರ್. ನಾವು ದೇಶದೊಳಗೆ ಸಾಮಾನ್ಯವಾಗಿ ಹತ್ತುವ ಏರ್‌ಬಸ್ ಎ320 ತುಂಬಿದ ಹೊಟ್ಟೆಯಲ್ಲಿ ಏರಬೇಕಾದರೆ ಸುಮಾರು 2,000 ಮೀಟರ್ ಬೇಕು. ಅಗತ್ತಿಯಲ್ಲಿ ಅದು ಇಳಿಯುವ ಮಾತೇ ಇಲ್ಲ.

ಎಟಿಆರ್‌ಗೆ ಇಷ್ಟು ಉದ್ದ ಬೇಡ. ಅದು ಟರ್ಬೊಪ್ರಾಪ್. ಅಂದರೆ ಎಂಜಿನ್ ಜೆಟ್‌ನಂಥದ್ದೇ, ಆದರೆ ಅದರ ಶಕ್ತಿ ಹೊರಗಿರುವ ಪ್ರೊಪೆಲ್ಲರ್ ತಿರುಗಿಸಲು ಹೋಗುತ್ತೆ. ವೇಗ ಕಮ್ಮಿ, ಗಂಟೆಗೆ 500 ಕಿ.ಮೀ. ಆಸುಪಾಸು. ಆದರೆ ಡೀಸೆಲ್ ಕಾರಿನ ಹಾಗೆ ಕಮ್ಮಿ ಕುಡಿದು ಜಾಸ್ತಿ ಓಡುತ್ತೆ, ಸಣ್ಣ ಜಾಗದಲ್ಲಿ ಏರಿ ಇಳಿಯುತ್ತೆ. ಎಟಿಆರ್ 72 ಪೂರ್ತಿ ತೂಕ ಹೊತ್ತು ಏರಲು ಸುಮಾರು 1,300 ಮೀಟರ್ ಕೇಳುತ್ತೆ.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಬೇಕಾದದ್ದು 1,300, ಇರೋದು 1,200. ಹಾಗಾದರೆ ಎಟಿಆರ್ ಅಲ್ಲಿಂದ ಏರುವುದು ಹೇಗೆ? ತೂಕ ಇಳಿಸಿ. ಹಗುರಾದ ವಿಮಾನಕ್ಕೆ ಕಮ್ಮಿ ಓಟ ಸಾಕು. ಸೆಕೆ ಜಾಸ್ತಿ ಇದ್ದ ದಿನ, ರನ್‌ವೇ ಒದ್ದೆ ಇದ್ದ ದಿನ ಇನ್ನೂ ಸ್ವಲ್ಪ ಇಳಿಸಬೇಕು. ಬಿಸಿ ಗಾಳಿ ತೆಳುವಾಗಿರುತ್ತೆ, ರೆಕ್ಕೆಗೆ ಅಷ್ಟು ಆಸರೆ ಸಿಗೋದಿಲ್ಲ.

ನಾನು ಒಮ್ಮೆ ಹುಬ್ಬಳ್ಳಿಯಿಂದ ಎಟಿಆರ್‌ನಲ್ಲಿ ಬರುವಾಗ ಅರ್ಧ ವಿಮಾನ ಖಾಲಿ ಇತ್ತು. ಗಗನಸಖಿ ಬಂದು ಮುಂದಿನ ಸಾಲಿನಲ್ಲಿದ್ದ ನಾಲ್ಕು ಜನರನ್ನು ಎಬ್ಬಿಸಿ ಹಿಂದೆ ಕೂರಿಸಿದರು. ನನ್ನ ಪಕ್ಕದಲ್ಲಿದ್ದ ಅಜ್ಜ, "ಯಾಕಮ್ಮ, ಟಿಕೆಟ್ ಮುಂದಿಂದೇ ತಗೊಂಡಿದ್ದು" ಅಂದರು. "ಬ್ಯಾಲೆನ್ಸ್‌ಗೆ ಸರ್" ಅಂದರು ಆಕೆ. ಮನುಷ್ಯರ ತೂಕವನ್ನು ಈ ವಿಮಾನ ಅಷ್ಟು ಸೂಕ್ಷ್ಮವಾಗಿ ನೋಡುತ್ತೆ. ಎತ್ತಿನ ಗಾಡಿಗೆ ಮೂಟೆ ಹೇರುವಾಗ ನೊಗದ ಭಾರ ನೋಡ್ತಾರಲ್ಲ, ಹಾಗೆ.

ಸೀಟು ತಿನ್ನುವ ಇಂಧನ

ತೂಕ ಇಳಿಸಬೇಕು ಅಂದಾಗ ವಿಮಾನದ ಕಬ್ಬಿಣ ಬಿಚ್ಚಲಾಗುವುದಿಲ್ಲ. ಇಳಿಸಲು ಸಿಗೋದು ಮೂರೇ: ಇಂಧನ, ಲಗೇಜು, ಜನ. ಇಂಧನ ಇಳಿಸೋಣ ಅಂದರೆ ದ್ವೀಪದಲ್ಲಿ ಅದು ಸುಲಭ ಅಲ್ಲ.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ವಿಮಾನಕ್ಕೆ ಅಲ್ಲಿ ಇಳಿಯಲು ಆಗದಿದ್ದರೆ ಕಣ್ಣೂರು, ಕೋಝಿಕ್ಕೋಡ್, ಗೋವಾ, ಎಷ್ಟೊಂದು ಕಡೆ ಇವೆ. ಅಗತ್ತಿಯ ಮೇಲೆ ಮೋಡ ಕವಿದು ರನ್‌ವೇ ಕಾಣದಿದ್ದರೆ? ಕೊಚ್ಚಿ ಅಲ್ಲಿಂದ ಸುಮಾರು 460 ಕಿ.ಮೀ. ನಡುವೆ ಇರೋದೆಲ್ಲ ನೀರು. ಹಾಗಾಗಿ ಹೊರಡುವಾಗಲೇ ಅಗತ್ತಿವರೆಗಿನ ಇಂಧನ, ಅಲ್ಲಿಂದ ತಿರುಗಿ ಮುಖ್ಯ ಭೂಮಿಯ ಒಂದು ನಿಲ್ದಾಣ ಮುಟ್ಟುವಷ್ಟು ಇಂಧನ, ಅದರ ಮೇಲೆ ಇನ್ನೂ ಅರ್ಧ ಗಂಟೆ ಸುತ್ತು ಹೊಡೆಯುವಷ್ಟು ಇಂಧನ ಇರಲೇಬೇಕು. ಇದು ನಿಯಮ, ಪೈಲಟ್‌ನ ಇಷ್ಟ ಅಲ್ಲ.

ಇದರ ಜೊತೆ ದ್ವೀಪಕ್ಕೆ ಇಂಧನ ಹಡಗಿನಲ್ಲೇ ಬರಬೇಕು. ಅಲ್ಲಿ ತುಂಬಿಸುವ ವ್ಯವಸ್ಥೆ ಇಲ್ಲದಿದ್ದರೆ, ಅಥವಾ ಇದ್ದರೂ ದುಬಾರಿಯಾದರೆ, ವಿಮಾನ ಎರಡೂ ಕಡೆಯ ಇಂಧನ ಹೊತ್ತೇ ಬರುತ್ತೆ. ನೀರು ಸಿಗದ ಊರಿಗೆ ಹೋಗುವಾಗ ಕ್ಯಾನ್‌ನಲ್ಲಿ ನೀರು ಕಟ್ಟಿಕೊಂಡು ಹೋದ ಹಾಗೆ. ಎಟಿಆರ್ 72 ಗಂಟೆಗೆ ಹೆಚ್ಚುಕಡಿಮೆ 650ರಿಂದ 700 ಕೆ.ಜಿ. ಇಂಧನ ಸುಡುತ್ತೆ. ಬ್ಯಾಗ್ ಸಮೇತ ಒಬ್ಬ ಪ್ರಯಾಣಿಕರಿಗೆ ನೂರು ಕೆ.ಜಿ. ಅಂತ ಹಿಡಿದರೆ, ಒಂದು ಗಂಟೆಯ ಹೆಚ್ಚುವರಿ ಇಂಧನ ಆರೇಳು ಸೀಟು ತಿಂದುಹಾಕುತ್ತೆ.

ಇಲ್ಲೇ ಬೆಂಗಳೂರಿಗೂ ಕೊಚ್ಚಿಗೂ ವ್ಯತ್ಯಾಸ. ಬೆಂಗಳೂರಿನಿಂದ ಅಗತ್ತಿಗೆ ಸುಮಾರು 650 ಕಿ.ಮೀ. ದೂರ ಜಾಸ್ತಿಯಾದಷ್ಟೂ ಇಂಧನ ಜಾಸ್ತಿ, ಇಂಧನ ಜಾಸ್ತಿಯಾದಷ್ಟೂ ಸೀಟು ಕಮ್ಮಿ. ಕೊಚ್ಚಿ ವಿಮಾನಕ್ಕೆ ಸುಲಭವಾದದ್ದು ಬೆಂಗಳೂರು ವಿಮಾನಕ್ಕೆ ಕಷ್ಟವಾಗುವುದು ಹೀಗೆ.

ಡಿಪೋ ಮ್ಯಾನೇಜರ್ ಹಾಕುವ ಲೆಕ್ಕ

ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಹೊಸ ಶೆಡ್ಯೂಲ್ ಹಾಕುವ ಮುಂಚೆ ಏನು ನೋಡ್ತಾರೆ? ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಬರುತ್ತೆ. ಹೋಗುವಾಗ ತುಂಬಿ, ಬರುವಾಗ ಖಾಲಿ ಬಂದರೆ ಬಸ್ ಉಳಿಯಲ್ಲ. ವಿಮಾನ ಕಂಪನಿಯೂ ಇದನ್ನೇ ನೋಡುತ್ತೆ.

ಅರ್ಥವಾಗಲಿ ಅಂತ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಹೋಗಿ ಬರಲು ಒಟ್ಟು ಖರ್ಚು 6 ಲಕ್ಷ ರೂಪಾಯಿ ಅಂದುಕೊಳ್ಳಿ. ಸೀಟು, ಸುಲಭಕ್ಕೆ, 75. ಎರಡೂ ಕಡೆ ತುಂಬಿದರೆ 150 ಟಿಕೆಟ್. ತಲೆಗೆ 4,000 ರೂಪಾಯಿ ಬಂದರೆ ಖರ್ಚು ಹುಟ್ಟಿತು. ಈಗ ತೂಕದ ಕಟ್ಟಳೆಯಿಂದ 50 ಜನರನ್ನಷ್ಟೇ ಹತ್ತಿಸಬಹುದು ಅನ್ನಿ. ಹೋಗುವಾಗ ಆ 50 ತುಂಬಿತು, ಬರುವಾಗ 30 ಜನ ಬಂದರು. ಒಟ್ಟು 80 ಟಿಕೆಟ್. ಅದೇ 6 ಲಕ್ಷ ಹುಟ್ಟಬೇಕಾದರೆ ತಲೆಗೆ 7,500. ಪೈಲಟ್ ಸಂಬಳ ಕಮ್ಮಿ ಆಗಲಿಲ್ಲ, ವಿಮಾನದ ಬಾಡಿಗೆ ಕಮ್ಮಿ ಆಗಲಿಲ್ಲ. ಟಿಕೆಟ್ ಮಾತ್ರ ಹೆಚ್ಚುಕಡಿಮೆ ಎರಡರಷ್ಟಾಯಿತು. ಸಣ್ಣ ದ್ವೀಪಗಳ ಟಿಕೆಟ್ ಯಾಕಷ್ಟು ದುಬಾರಿ ಅನ್ನೋದಕ್ಕೆ ದುರಾಸೆ ಹುಡುಕಬೇಕಿಲ್ಲ, ಈ ಭಾಗಾಕಾರ ಸಾಕು.

ಇನ್ನೊಂದು ಮಾತು. ಆ ಎಟಿಆರ್ ಅಗತ್ತಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಗಂಟೆ ಮೇಲಾಗುತ್ತೆ. ಅಷ್ಟು ಹೊತ್ತಿನಲ್ಲಿ ಅದೇ ವಿಮಾನ ಹತ್ತಿರದ ಊರಿಗೆ ಎರಡು ಸಲ ಹೋಗಿ ಬಂದು, ಎರಡು ಸಲವೂ ತುಂಬಿಕೊಳ್ಳಬಹುದು. ಕಂಪನಿಯವರು ಕೇಳುವ ಪ್ರಶ್ನೆ "ಅಗತ್ತಿಯಲ್ಲಿ ಲಾಭ ಇದೆಯಾ" ಅಂತಷ್ಟೇ ಅಲ್ಲ. "ಈ ವಿಮಾನದ ಈ ನಾಲ್ಕು ಗಂಟೆಗೆ ಇದಕ್ಕಿಂತ ಒಳ್ಳೆ ಕೆಲಸ ಇದೆಯಾ" ಅಂತ.

ಹಾಗಿದ್ದರೂ ಬೆಂಗಳೂರಿನಿಂದ ಯಾಕೆ ಹಾಕಿದರು? ಯಾಕೆಂದರೆ ಬೆಂಗಳೂರು ಹಬ್. ಬೇರೆ ಬೇರೆ ಕಡೆಯಿಂದ ಬಂದವರು ವಿಮಾನ ಬದಲಾಯಿಸುವ ಜಾಗ. 2023-24ರಲ್ಲಿ ನಮ್ಮ ನಿಲ್ದಾಣದಲ್ಲಿ ಓಡಾಡಿದವರು ಸುಮಾರು 3.75 ಕೋಟಿ ಜನ. ಅಗತ್ತಿ ವಿಮಾನದಲ್ಲಿ ಕೂತವರೆಲ್ಲ ಜಯನಗರ, ಮಲ್ಲೇಶ್ವರದವರೇ ಆಗಬೇಕಿಲ್ಲ. ದೆಹಲಿಯಿಂದ ಬೆಳಿಗ್ಗೆ ಬಂದವರು, ಹೈದರಾಬಾದ್‌ನಿಂದ ಬಂದವರು ಎಲ್ಲ ಸೇರಿ ಆ ಸೀಟು ತುಂಬಬೇಕು. ಮೆಜೆಸ್ಟಿಕ್‌ನಿಂದ ಹೊರಡುವ ಬಸ್‌ಗೆ ಇಡೀ ಊರಿನ ಜನ ಬಂದು ಸೇರುತ್ತಾರಲ್ವಾ, ಹಾಗೆ.

ರನ್‌ವೇ ಒಂದೇ ಸಾಲದು ಅನ್ನೋದಕ್ಕೆ ನಮ್ಮ ಶಿವಮೊಗ್ಗ ನೋಡಿ. ಅಲ್ಲಿಯ ರನ್‌ವೇ 3 ಕಿ.ಮೀ. ಮೀರಿದ್ದು, ದೊಡ್ಡ ಜೆಟ್ಟೇ ಇಳಿಯಬಹುದು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲು ಹೋಗಿ ಇಳಿದದ್ದು ಎಟಿಆರ್. ಅಲ್ಲಿ ಜಾಗ ಇತ್ತು, ಜನ ಎಷ್ಟು ಅಂತ ನೋಡಿ ವಿಮಾನದ ಗಾತ್ರ ಆರಿಸಿದರು. ಅಗತ್ತಿಯಲ್ಲಿ ಜನ ಇದ್ದಾರೆ, ಜಾಗ ಇಲ್ಲ. ಎರಡು ಊರು, ಎರಡು ಬೇರೆ ಕಾರಣ, ವಿಮಾನ ಒಂದೇ.

ಮಲಗೋದೆಲ್ಲಿ?

ನನ್ನ ಪ್ರಕಾರ ಇದು ಇಡೀ ವಿಷಯದ ತಿರುಳು. ಆದರೂ ಇದರ ಬಗ್ಗೆ ಯಾರೂ ಮಾತಾಡೋದಿಲ್ಲ.

ದಿನಕ್ಕೊಂದು ವಿಮಾನ, 75 ಪ್ರವಾಸಿಗಳು, ಒಬ್ಬೊಬ್ಬರೂ ನಾಲ್ಕು ರಾತ್ರಿ ಉಳಿಯುತ್ತಾರೆ ಅಂದುಕೊಳ್ಳಿ. ಮೊದಲ ದಿನ 75 ಹಾಸಿಗೆ ಬೇಕು. ಎರಡನೇ ದಿನ ಇನ್ನೂ 75. ನಾಲ್ಕನೇ ರಾತ್ರಿ ಹೊತ್ತಿಗೆ 300 ಹಾಸಿಗೆ. ಒಂದೇ ಒಂದು ಪುಟ್ಟ ವಿಮಾನಕ್ಕೆ ಇಷ್ಟು. 180 ಸೀಟಿನ ಜೆಟ್ ಆದರೆ 720.

ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ಜನ ಇರೋದು ಹತ್ತರಲ್ಲಿ. 2011ರ ಜನಗಣತಿಯಲ್ಲಿ ಸುಮಾರು 64 ಸಾವಿರ ಜನ. ಅಗತ್ತಿಯಲ್ಲಿ ಏಳೂವರೆ ಸಾವಿರ. ಅಲ್ಲಿ ನದಿ ಇಲ್ಲ, ಕೆರೆಗಳಿಲ್ಲ. ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳು ಸಿಹಿನೀರಿನ ಪದರ ಇದೆ, ಅಷ್ಟೇ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ. ಅದಕ್ಕೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಿದರು, ಆಮೇಲೆ ಅಗತ್ತಿ, ಮಿನಿಕಾಯ್‌ನಲ್ಲೂ ಬಂತು. ಒಂದು ಹೋಟೆಲ್ ರೂಮು ಅಂದರೆ ಬರೀ ಹಾಸಿಗೆಯಲ್ಲ, ಎರಡು ಹೊತ್ತಿನ ಸ್ನಾನದ ನೀರೂ ಹೌದು.

ಅಕ್ಕನ ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಮಾಲ್ಡೀವ್ಸ್‌ನಲ್ಲಿ ಪ್ರವಾಸಿಗಳಿಗೆ 60 ಸಾವಿರಕ್ಕೂ ಹೆಚ್ಚು ಹಾಸಿಗೆ ಇವೆ. ಒಂದೊಂದು ರೆಸಾರ್ಟ್‌ಗೆ ಒಂದೊಂದು ದ್ವೀಪವನ್ನೇ ಕೊಟ್ಟು, ದಶಕಗಳ ಕಾಲ ಕಟ್ಟುತ್ತಾ ಬಂದದ್ದು ಅದು. ವಿಮಾನ ನಿಲ್ದಾಣಕ್ಕೂ ಹುಳುಲೆ ಅನ್ನೋ ಪ್ರತ್ಯೇಕ ದ್ವೀಪ. ಅಲ್ಲಿ ಹಾಸಿಗೆಯೂ ವಿಮಾನವೂ ಒಟ್ಟೊಟ್ಟಿಗೆ ಬೆಳೆದವು. ಹಾಸಿಗೆ ಇದ್ದದ್ದಕ್ಕೆ ವಿಮಾನ ಬಂತು, ವಿಮಾನ ಬಂದದ್ದಕ್ಕೆ ಇನ್ನಷ್ಟು ಹಾಸಿಗೆ ಬಂತು.

ಲಕ್ಷದ್ವೀಪಕ್ಕೆ ಹೋಗಲು ನಮಗೂ ಪರ್ಮಿಟ್ ಬೇಕು. ಟಿಕೆಟ್ ಕೈಯಲ್ಲಿದ್ದರೆ ಸಾಲದು. ಅಲ್ಲಿಯ ಜನರ ಬದುಕು, ಹವಳದ ದಂಡೆ ಎರಡನ್ನೂ ಕಾಯುವುದಕ್ಕೆ ಇರುವ ಕಟ್ಟಳೆ ಅದು. ವಿಮಾನ ಕಂಪನಿಯ ಕಣ್ಣಿನಿಂದ ನೋಡಿದರೆ ಮಾತ್ರ, ಶುಕ್ರವಾರ ಮನಸ್ಸಾಗಿ ಶನಿವಾರ ಹೊರಡುವ ಬೆಂಗಳೂರಿನ ಗಿರಾಕಿ ಇಲ್ಲಿ ಸಿಗೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಸಮುದ್ರ ಕೆರಳಿದಾಗ ಅಗತ್ತಿಯಿಂದ ಬೇರೆ ದ್ವೀಪಕ್ಕೆ ದೋಣಿಯೂ ಕಷ್ಟ. ಆಗ ಪ್ರವಾಸಿ ಬರಲ್ಲ, ಸೀಟು ತುಂಬಲ್ಲ.

ಸರ್ಕಾರ ಕೈ ಹಿಡಿದರೆ?

ಇದಕ್ಕೇ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂದದ್ದು. 2016ರಲ್ಲಿ ಘೋಷಣೆ, 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ. ಒಂದು ಗಂಟೆಯ ಹಾರಾಟಕ್ಕೆ ಆಗ ಕಟ್ಟಿದ ಬೆಲೆ 2,500 ರೂಪಾಯಿ, ಅದೂ ಸುಮಾರು ಅರ್ಧ ಸೀಟುಗಳಿಗೆ. ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತೆ. ಆ ಹಣ ಎಲ್ಲಿಂದ? ಬೆಂಗಳೂರಿನಿಂದ ದೆಹಲಿ, ಮುಂಬೈಗೆ ಹೋಗುವಂಥ ದೊಡ್ಡ ಮಾರ್ಗದ ವಿಮಾನಗಳ ಮೇಲೆ ಹಾಕಿದ ಒಂದು ಸಣ್ಣ ಶುಲ್ಕದಿಂದ. ನಾವು ದೆಹಲಿಗೆ ಹೋದಾಗ ಯಾವುದೋ ಸಣ್ಣ ಊರಿನ ವಿಮಾನಕ್ಕೂ ಒಂದಿಷ್ಟು ಕೊಟ್ಟಿರುತ್ತೇವೆ.

ಆದರೆ ಈ ನೆರವು ಮೂರು ವರ್ಷಕ್ಕೆ. ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಂತವಾ? ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2023ರ ವರದಿಯಲ್ಲಿ ಮೊದಲ ಮೂರು ಸುತ್ತುಗಳ 774 ಮಾರ್ಗಗಳನ್ನು ನೋಡಿತು. ಶುರುವಾದದ್ದು 371. ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ ಉಳಿದದ್ದು 54. ನಮ್ಮ ಬೀದರ್‌ನಲ್ಲೂ ಇದನ್ನೇ ಕಂಡೆವು. 2020ರಲ್ಲಿ ಬೆಂಗಳೂರು ವಿಮಾನ ಬಂತು, ನಡುವೆ ನಿಂತಿತು, 2025ರಲ್ಲಿ ಮತ್ತೆ ಬಂತು. ಉದ್ಘಾಟನೆ ದಿನದ ಹೂವಿನ ಹಾರ ನೋಡಿ ಮಾರ್ಗ ಉಳಿಯುತ್ತೆ ಅಂತ ಹೇಳಲಾಗುವುದಿಲ್ಲ.

ಸೇಂಟ್ ಹೆಲೆನಾ ಕಲಿತದ್ದು

ನೆಪೋಲಿಯನ್ ಕೊನೆಗಾಲ ಕಳೆದ ದ್ವೀಪ ಸೇಂಟ್ ಹೆಲೆನಾ. ಅಟ್ಲಾಂಟಿಕ್ ಸಮುದ್ರದ ನಡುವೆ ಇದೆ. ಜನ ಸುಮಾರು ನಾಲ್ಕೂವರೆ ಸಾವಿರ, ಅಗತ್ತಿಗಿಂತ ಕಮ್ಮಿ. ಮುಂಚೆ ಕೇಪ್‌ಟೌನ್‌ನಿಂದ ಹಡಗಿನಲ್ಲಿ ಐದು ರಾತ್ರಿ ಬೇಕಾಗುತ್ತಿತ್ತು. ಬ್ರಿಟನ್ ಸರ್ಕಾರ 28.5 ಕೋಟಿ ಪೌಂಡ್ ಖರ್ಚು ಮಾಡಿ ಅಲ್ಲಿ ವಿಮಾನ ನಿಲ್ದಾಣ ಕಟ್ಟಿತು. 2016ರಲ್ಲಿ ಎಲ್ಲ ಸಿದ್ಧವಾದಾಗ ಗೊತ್ತಾಯಿತು, ಬಂಡೆಯ ತುದಿಯ ಆ ರನ್‌ವೇ ಮೇಲೆ ಗಾಳಿ ಇದ್ದಕ್ಕಿದ್ದಂತೆ ದಿಕ್ಕು, ವೇಗ ಬದಲಿಸುತ್ತೆ. ಬರಬೇಕಿದ್ದ ದೊಡ್ಡ ಬೋಯಿಂಗ್ ಬರಲಿಲ್ಲ. ಪತ್ರಿಕೆಗಳು ಅದನ್ನು ಜಗತ್ತಿನಲ್ಲೇ ಅತ್ಯಂತ ಕೆಲಸಕ್ಕೆ ಬಾರದ ವಿಮಾನ ನಿಲ್ದಾಣ ಅಂದವು.

2017ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಏರ್‌ಲಿಂಕ್ ಕಂಪನಿ ಅದಕ್ಕಿಂತ ಸಣ್ಣ ಎಂಬ್ರೇಯರ್ ತಂದು ಇಳಿಸಿತು. ವಾರಕ್ಕೊಂದು ವಿಮಾನ. ಸುಮಾರು ನೂರು ಸೀಟಿದ್ದರೂ ಆಗ ಹತ್ತಿಸಿದ್ದು 76 ಜನರನ್ನು, ಉಳಿದ ತೂಕ ಇಂಧನಕ್ಕೆ. ಹತ್ತಿರ ಬೇರೆ ನಿಲ್ದಾಣವೇ ಇಲ್ಲದ ಇಂಥ ಒಂಟಿ ದ್ವೀಪಗಳಿಗೆ, ತಲುಪಿದ ಮೇಲೂ ಎರಡು ಗಂಟೆ ಹಾರುವಷ್ಟು ಇಂಧನ ಉಳಿದಿರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ದೊಡ್ಡದನ್ನು ಕಾಯುತ್ತಾ ಕೂರದೆ ಹೊಂದುವ ವಿಮಾನ ಹುಡುಕಿದಾಗಲೇ ಆ ದ್ವೀಪಕ್ಕೆ ದಾರಿ ತೆರೆಯಿತು.

ರನ್‌ವೇ ಉದ್ದ ಮಾಡಬಾರದಾ?

ಅಗತ್ತಿಯಲ್ಲಿ ಈ ಮಾತು ವರ್ಷಗಳಿಂದ ಇದೆ. ಆದರೆ ಉದ್ದ ಮಾಡೋದು ಅಂದರೆ ಸಮುದ್ರದೊಳಕ್ಕೆ ಹೋಗೋದು. ಅಲ್ಲಿರುವುದು ಬರೀ ನೀರಲ್ಲ, ಹವಳದ ದಂಡೆ. ದೊಡ್ಡ ಅಲೆಯನ್ನು ಮೊದಲು ತಡೆಯುವುದು ಅದು. ದ್ವೀಪವೋ ಸಮುದ್ರದಿಂದ ಕೆಲವೇ ಮೀಟರ್ ಎತ್ತರ. ಕಾಂಪೌಂಡ್ ಒಡೆದು ಮನೆ ದೊಡ್ಡದು ಮಾಡಿದ ಹಾಗಾಗಬಾರದು. ಹಾಗಂತ ಬೇಡವೇ ಬೇಡ ಅನ್ನೋದು ಇಲ್ಲಿ ಕೂತು ನಾವು ಹೇಳುವ ಮಾತಲ್ಲ, ಅಲ್ಲಿಯವರದ್ದು. ಬರೀ ರನ್‌ವೇ ಉದ್ದವಾದರೂ ದೊಡ್ಡ ವಿಮಾನಕ್ಕೆ ದೊಡ್ಡ ಅಗ್ನಿಶಾಮಕ ವ್ಯವಸ್ಥೆ, ನಿಲ್ಲಲು ಜಾಗ, ಟರ್ಮಿನಲ್ ಎಲ್ಲ ಬೇಕು. ಮತ್ತೆ ಆ 720 ಹಾಸಿಗೆ.

ಆ ಸೀಟು ಯಾರದ್ದು?

ನಾವು ಈ ವಿಮಾನವನ್ನು ರಜೆಯ ವಿಮಾನ ಅಂತ ನೋಡ್ತೇವೆ. ಅಗತ್ತಿಯ ಅಮ್ಮ ಒಬ್ಬಳಿಗೆ ಅದು ಕೊಚ್ಚಿಯ ಆಸ್ಪತ್ರೆಯ ವಿಮಾನ. ಹಡಗಿನಲ್ಲಾದರೆ ಹದಿನಾಲ್ಕರಿಂದ ಹದಿನೆಂಟು ಗಂಟೆ. ಓದಲು ಹೊರಗೆ ಹೋದ ಮಕ್ಕಳು, ವರ್ಗವಾಗಿ ಬಂದ ಮೇಷ್ಟ್ರು, ಸರ್ಕಾರಿ ನೌಕರರು, ಇವರೆಲ್ಲ ಮಳೆಗಾಲದಲ್ಲೂ ಓಡಾಡುತ್ತಾರೆ. ಅಂದರೆ ವರ್ಷವಿಡೀ ವಿಮಾನವನ್ನು ಉಳಿಸುವ ಗಿರಾಕಿಗಳು ಅವರೇ. ಪ್ರವಾಸಿಗಳು ಮುಂಚೆಯೇ ಬುಕ್ ಮಾಡಿ ಬೆಲೆ ಏರಿಸಿದಾಗ ಮೊದಲು ಹೊರಗೆ ಬೀಳುವವರೂ ಅವರೇ. ಇದಕ್ಕೆ ಒಂದಿಷ್ಟು ಸೀಟು ದ್ವೀಪದವರಿಗೆ ಮೀಸಲಿಡುವುದು, ಅವರ ಟಿಕೆಟ್‌ಗೆ ನೆರವು ಕೊಡುವುದು ಮುಂತಾದ ದಾರಿಗಳನ್ನು ಜಗತ್ತಿನ ಬೇರೆ ದ್ವೀಪಗಳು ಹಿಡಿದಿವೆ.

ನಮಗೂ ಈ ದ್ವೀಪಗಳು ತೀರಾ ದೂರದವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು, ಕೊಬ್ಬರಿ ಮಂಗಳೂರಿನ ಹಳೇ ಬಂದರಿಗೆ ಬರುತ್ತಿತ್ತು.

ಉಳಿಯುತ್ತಾ ಅಂತ ಹೇಗೆ ಗೊತ್ತಾಗುತ್ತೆ?

ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತೆ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆಯದ್ದು, ಅಕ್ಟೋಬರ್ ಕೊನೆಯ ಭಾನುವಾರ ಚಳಿಗಾಲದ್ದು. ಇಂಡಿಗೋ ಅಗತ್ತಿ ವಿಮಾನ ಶುರು ಮಾಡಿದ 2024ರ ಮಾರ್ಚ್ 31 ಅಂಥದ್ದೇ ಒಂದು ಭಾನುವಾರ. ಅದೇ ವರ್ಷ ಫ್ಲೈ91 ಕೂಡ ಗೋವಾದಿಂದ ಎಟಿಆರ್ ಹಾಕಿತು. ಒಂದು ಪುಟ್ಟ ರನ್‌ವೇಗೆ ಒಂದಕ್ಕಿಂತ ಜಾಸ್ತಿ ಕಂಪನಿ ಬರುವುದು ಒಳ್ಳೆಯ ಲಕ್ಷಣ. ಒಬ್ಬರು ಹಿಂದೆ ಸರಿದರೆ ಇನ್ನೊಬ್ಬರು ಇರುತ್ತಾರೆ.

ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟೇ. ಡಿಸೆಂಬರ್‌ನಲ್ಲಿ ಟಿಕೆಟ್ ಇದೆಯಾ ಅಂತ ನೋಡಬೇಡ, ಆಗ ಯಾರು ಬೇಕಾದರೂ ವಿಮಾನ ಹಾಕ್ತಾರೆ. ಜುಲೈ ಮಧ್ಯದ ಒಂದು ಮಂಗಳವಾರ ನೋಡು. ಅವಳು ಅಲ್ಲೇ ತಾರೀಕು ಬದಲಿಸಿ, ಬೆಂಗಳೂರು ಅಂತ ಒತ್ತಿ, ಅಗತ್ತಿ ಅಂತ ಹುಡುಕತೊಡಗಿದಳು.